ನಾಟಕದ ಡ್ರೆಸ್ ಮಾಡೋದನ್ನೇ ಕಸುಬು ಮಾಡ್ಕೋಬೇಕು ಅಂತಿದೀರಾ? ಮೊದ್ಲು ಅಂಗಿ ಒಳಗೆ ತಿರುವಿ ನೋಡಿ

"ಅಕ್ಕ, ಬ್ಲೌಸು ಚೂಡಿದಾರ ಎಲ್ಲಾ ಹೊಲೀತೀನಿ, ನಾಟಕಕ್ಕೆ ಡ್ರೆಸ್ ಮಾಡೋ ಲೈನಿಗೆ ಬರ್ಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡ್ಲಿ?" ಅಂತ ವರ್ಷಕ್ಕೆ ನಾಲ್ಕೈದು ಜನ ಆದ್ರೂ ಕೇಳ್ತಾರೆ. ಒಬ್ಬೊಬ್ರಿಗೂ ಫೋನಲ್ಲಿ ಹೇಳಿ ಹೇಳಿ ಗಂಟ್ಲು ನೋವು ಬಂತು, ಅದಕ್ಕೆ ಒಂದೇ ಸಲ ಬರೆದು ಇಡ್ತಿದೀನಿ. ನಾನೇನು ದೊಡ್ಡ ಡಿಸೈನರ್ ಅಲ್ಲ. ತುಮಕೂರಲ್ಲಿ ಗುಬ್ಬಿ ಗೇಟ್ ಹತ್ರ ಬ್ಲೌಸ್ ಹೊಲ್ಕೊಂಡು ಇದ್ದೋಳು, ಒಂದಿನ ಡ್ರಾಮಾ ಸೀನರಿ ಅಂಗಡಿಯೋರೊಬ್ರು ಹರಿದಿರೋ ಡ್ರೆಸ್ಸಿನ ಮೂಟೆ ತಂದು ಹಾಕಿ "ಜಾತ್ರೆ ಒಳಗೆ ರಿಪೇರಿ ಮಾಡ್ಕೊಡಮ್ಮ" ಅಂದ್ರು, ಹಂಗೆ ಒಳಗೆ ಬಂದೋಳು.

ಆ ಮೂಟೆನೇ ನಂಗೆ ಸ್ಕೂಲ್ ಆಯ್ತು. ಹೊರಗಿಂದ ನೋಡಿದ್ರೆ ಮಾಮೂಲಿ ಮೆರೂನ್ ಮಖಮಲ್ ಅಂಗಿ, ಎದೆ ತುಂಬಾ ಚಮಕಿ, ಅಂಚಿಗೆ ಗೋಲ್ಡ್ ಲೇಸು. ಒಳಗೆ ತಿರುವಿ ಹಾಕಿದ್ರೆ ಬೇರೇನೇ ಕಥೆ. ಎರಡೂ ಪಕ್ಕದಲ್ಲಿ ಎರಡೆರಡು ಇಂಚು ಬಟ್ಟೆ ಮಡಚಿ ಬಿಟ್ಟಿದ್ರು, ಅದ್ರ ಮೇಲೆ ಬಿಳಿ ದಾರ, ಕರಿ ದಾರ, ಹಸಿರು ದಾರ ಅಂತ ಮೂರು ಹೊಲಿಗೆ ಪಕ್ಕ ಪಕ್ಕ ಓಡಿತ್ತು. ಅಂದ್ರೆ ಕಮ್ಮಿ ಅಂದ್ರೂ ಮೂರು ಜನ ದುರ್ಯೋಧನರು ಆ ಅಂಗಿ ಹಾಕಿದಾರೆ, ಒಬ್ಬ ಸಣ್ಣ, ಒಬ್ಬ ದಪ್ಪ, ಇನ್ನೊಬ್ಬ ಮಧ್ಯದೋನು. ಬೆನ್ನಿಗೆ ಒಂದು ಬಟನ್ ಕೂಡ ಇಲ್ಲ, ಎರಡೂ ಕಡೆ ರಿಂಗು, ನಡುವೆ ಲಾಡಿ, ಮೇಲೆ ಶಾಲು ಇಳಿಬಿಡೋದ್ರಿಂದ ಯಾರಿಗೂ ಕಾಣಲ್ಲ. ಕುತ್ತಿಗೆ ಸುತ್ತ ಹಳೇ ಕಾಟನ್ ಸೀರೆ ತುಂಡು ಪಟ್ಟಿ ಮಾಡಿ ಹಚ್ಚಿದ್ರು, ಜರಿ ಚುಚ್ಚಬಾರ್ದು ಅಂತ. ಕಾಲರ್ ಹಿಂದೆ ಮಾಸಿ ಹೋಗಿರೋ ಇಂಕಲ್ಲಿ "ದುರ್ಯೋ. 2" ಅಂತ ಬರೆದಿತ್ತು. ಯಾರು ಹೊಲಿದಿದ್ರೋ ಗೊತ್ತಿಲ್ಲ, ಆದ್ರೆ ಆ ಮನುಷ್ಯ ಹಾಕ್ಕೊಳೋನು ಯಾರು ಅಂತ ಗೊತ್ತಿಲ್ದೇನೇ ಹೊಲಿದಿದಾನೆ, ಅದೇ ಈ ಕೆಲಸದ ಗುಟ್ಟು. ಬ್ಲೌಸು ಒಬ್ಬಳಿಗೆ ಹೊಲಿಯೋದು. ನಾಟಕದ ಡ್ರೆಸ್ಸು ಇನ್ನೂ ಯಾರು ಬರ್ತಾರೋ ಅವರಿಗೆ ಹೊಲಿಯೋದು.

ಅದಕ್ಕೆ ನನ್ನ ಮೊದಲ ಮಾತು, ಹೊಸ ಡ್ರೆಸ್ ಡಿಸೈನ್ ಮಾಡೋಕೆ ಹೋಗ್ಬೇಡಿ, ರಿಪೇರಿ ಕೆಲಸ ಹುಡುಕಿ. ನಿಮ್ಮೂರಲ್ಲಿ ಇಲ್ಲಾ ಪಕ್ಕದ ಊರಲ್ಲಿ ಡ್ರಾಮಾ ಸೀನರಿ, ಡ್ರೆಸ್ಸು, ಲೈಟು ಬಾಡಿಗೆಗೆ ಕೊಡೋರು ಇದ್ದೇ ಇರ್ತಾರೆ. ಅವ್ರ ಹತ್ರ ಹೋಗಿ "ಹರಿದಿರೋದು ಕೊಡಿ, ರಿಪೇರಿ ಮಾಡ್ತೀನಿ" ಅನ್ನಿ, ಯಾರೂ ಬೇಡ ಅನ್ನಲ್ಲ, ಯಾಕಂದ್ರೆ ಆ ಕೆಲಸ ಯಾರಿಗೂ ಇಷ್ಟ ಇಲ್ಲ, ನಾಲ್ಕು ತಿಂಗಳ ಬೆವರಿನ ವಾಸನೆ ಅದು. ಒಂದು ಸೀಸನ್ ರಿಪೇರಿ ಮಾಡಿದ್ರೆ ಎಲ್ಲಿ ಹರಿಯುತ್ತೆ, ಯಾಕೆ ಹರಿಯುತ್ತೆ, ಯಾವ ಲೇಸು ಎರಡೇ ಆಟಕ್ಕೆ ಕಪ್ಪಾಗುತ್ತೆ ಎಲ್ಲಾ ಕೈಗೇ ಗೊತ್ತಾಗಿಬಿಡುತ್ತೆ.

ನಮ್ಮ ಕಡೆ ಕೆಲಸ ಇದೆಯಾ ಅಂತ ಕೇಳೋರಿಗೆ ನಗು ಬರುತ್ತೆ ನಂಗೆ. ಗುಬ್ಬಿ ನಾಟಕ ಕಂಪನಿ 1884ರಲ್ಲಿ ಶುರುವಾದ ಊರಿಂದ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಕೂತ್ಕೊಂಡು ಕೇಳೋ ಪ್ರಶ್ನೆನಾ ಇದು. ಆ ಕಂಪನಿ ನಡೆಸಿದ ಗುಬ್ಬಿ ವೀರಣ್ಣನೋರು ಕುರುಕ್ಷೇತ್ರ ನಾಟಕಕ್ಕೆ ಸ್ಟೇಜ್ ಮೇಲೆ ನಿಜವಾದ ಆನೆ ಕುದುರೆ ತಂದಿದ್ರು ಅಂತ ನಮ್ಮ ಅಜ್ಜಂದಿರು ಹೇಳ್ತಿದ್ರಲ್ಲ, ಆನೆಗೂ ಜೂಲು ಹೊಲಿದೋರು ಯಾರೋ ಇದ್ದೇ ಇರ್ತಾರೆ ಅಲ್ವಾ, ಅವ್ರ ಹೆಸರು ಮಾತ್ರ ಎಲ್ಲೂ ಕೇಳಿಲ್ಲ. ವೀರಣ್ಣನೋರಿಗೆ 1972ರಲ್ಲಿ ಪದ್ಮಶ್ರೀ ಬಂತು, ಟೈಲರ್‌ಗೆ ಬರಲ್ಲ ಬಿಡಿ. ಈಗ ಕಂಪನಿ ಕಾಲ ಹೋಯ್ತು ಅಂತಾರೆ, ಸರಿ, ಆದ್ರೆ ಹಳ್ಳಿ ಪೌರಾಣಿಕ ನಾಟಕ ಹೋಗಿಲ್ಲ. ಗುಬ್ಬಿ, ತುರುವೇಕೆರೆ, ಕುಣಿಗಲ್, ಮಧುಗಿರಿ, ಶಿರಾ ಯಾವ ಕಡೆ ಹೋದ್ರೂ ಸಂಕ್ರಾಂತಿ ಕಳೆದ ಮೇಲೆ ಬಸ್ ಸ್ಟ್ಯಾಂಡ್ ಗೋಡೆಲಿ ಕುರುಕ್ಷೇತ್ರದ್ದೋ ದಾನಶೂರ ಕರ್ಣದ್ದೋ ಸತ್ಯ ಹರಿಶ್ಚಂದ್ರದ್ದೋ ಪೋಸ್ಟರ್ ಅಂಟಿಸಿರ್ತಾರೆ, ಕೆಳಗೆ ಪಾತ್ರಧಾರಿಗಳ ಫೋಟೋ ಪಾಸ್‌ಪೋರ್ಟ್ ಸೈಜಲ್ಲಿ ಸಾಲಾಗಿ.

ಇಲ್ಲಿ ಒಂದು ವಿಷ್ಯ ಹೊರಗಿನೋರಿಗೆ ಗೊತ್ತಿರಲ್ಲ. ನಮ್ಮ ಕಡೆ ಪೌರಾಣಿಕ ನಾಟಕದಲ್ಲಿ ಪಾತ್ರ ಮಾಡೋನಿಗೆ ದುಡ್ಡು ಕೊಡಲ್ಲ, ಪಾತ್ರ ಮಾಡೋನೇ ದುಡ್ಡು ಹಾಕ್ತಾನೆ. ದುರ್ಯೋಧನಂಗೆ ಇಷ್ಟು, ಕೃಷ್ಣಂಗೆ ಇಷ್ಟು, ಬಾಗಿಲು ಕಾಯೋ ಸೇವಕಂಗೆ ಇಷ್ಟು ಅಂತ ಇರುತ್ತೆ, ಆ ದುಡ್ಡಲ್ಲೇ ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಮೇಕಪ್ಪು, ಹೊರಗಿಂದ ಕರೆಸೋ ಸ್ತ್ರೀ ಪಾತ್ರಧಾರಿಗಳ ಸಂಭಾವನೆ ಎಲ್ಲಾ ಆಗ್ಬೇಕು. ಹಗಲೆಲ್ಲಾ ತೆಂಗಿನ ತೋಟದಲ್ಲಿ ಇದ್ದು ಆರು ತಿಂಗ್ಳು ರಾತ್ರಿ ಪ್ರಾಕ್ಟೀಸ್ ಮಾಡಿ ಕೈಯಿಂದ ಅಷ್ಟು ದುಡ್ಡು ಹಾಕಿರೋ ಮನುಷ್ಯ ಸ್ಟೇಜ್ ಹತ್ತೋ ದಿನ ಬಾಡಿಗೆ ಅಂಗಡಿಯ ಕಮಟು ವಾಸನೆ ಅಂಗಿ ಹಾಕ್ಕೋಬೇಕಾ? ಅವನಿಗೆ ತನ್ನ ಅಳತೆಯ ಒಂದು ಡ್ರೆಸ್ ಬೇಕು ಅನ್ಸುತ್ತೆ, ಪದೇ ಪದೇ ಅದೇ ಪಾತ್ರ ಮಾಡೋನಾದ್ರೆ ಖಂಡಿತ ಹೊಲಿಸ್ತಾನೆ. ಆ ಮನುಷ್ಯನೇ ನಿಮ್ಮ ಗಿರಾಕಿ. ಅವನನ್ನ ಹಿಡಿಯೋಕೆ ದಾರಿ ಡ್ರಾಮಾ ಮೇಷ್ಟ್ರು, ಒಬ್ಬ ಮೇಷ್ಟ್ರು ವರ್ಷಕ್ಕೆ ಎಷ್ಟೋ ಊರಿಗೆ ನಾಟಕ ಕಲಿಸ್ತಾರೆ, ಅವ್ರಿಗೆ ನಿಮ್ಮ ಕೆಲಸ ಹಿಡಿಸಿದ್ರೆ ನೀವು ಬೋರ್ಡ್ ಹಾಕೋದೇ ಬೇಡ.

ಇನ್ನ ಹೊಲಿಗೆ ವಿಷ್ಯಕ್ಕೆ ಬರ್ತೀನಿ. ಮಾಮೂಲಿ ತುಳಿಯೋ ಮಷಿನ್ ಸಾಕು, ಮೋಟಾರ್ ಇದ್ರೆ ಇನ್ನೂ ಒಳ್ಳೇದು, ಮೊದಲ ದಿನಾನೇ ಸಾಲ ಮಾಡಿ ಜುಕಿ ಥರದ ಫ್ಯಾಕ್ಟರಿ ಮಷಿನ್ ತರ್ಬೇಡಿ. ಸೂಜಿ ಮಾತ್ರ ಬೇರೆ ಬೇರೆ ಇಟ್ಕೊಳ್ಳಿ, ಶಿಫಾನ್ ಜಾರ್ಜೆಟ್‌ಗೆ 11, ಕಾಟನ್ ಪಾಪ್ಲಿನ್‌ಗೆ 14, ಮಖಮಲ್ ಕೆಳಗೆ ಕ್ಯಾನ್ವಾಸು ಬಕ್ರಂ ಸೇರಿದ್ರೆ 16 ಇಲ್ಲಾ 18. ಬ್ಲೌಸ್ ಸೂಜಿಲೇ ಭುಜಕೀರ್ತಿ ಹೊಲಿಯೋಕೆ ಹೋಗಿ ಸೂಜಿ ಮುರಿದು ಕಣ್ಣ ಹತ್ರ ಹಾರಿದ್ದು ನಂಗೆ ಒಂದು ಸಲ ಆಗಿದೆ, ಸಾಕು.

ಮಖಮಲ್‌ಗೆ ಒಂದು ಮುಖ ಇರುತ್ತೆ. ಕೈಯಾಡಿಸಿ ನೋಡಿ, ಒಂದು ಕಡೆ ನುಣ್ಣಗೆ ಹೋಗುತ್ತೆ, ತಿರುಗಿ ಬಂದ್ರೆ ತಡೆಯುತ್ತೆ. ಎಲ್ಲಾ ತುಂಡೂ ಒಂದೇ ದಿಕ್ಕಿಗೆ ಕತ್ತರಿಸ್ಬೇಕು, ಇಲ್ದಿದ್ರೆ ಲೈಟ್ ಬಿದ್ದಾಗ ಎಡಗಡೆ ಎದೆ ಒಂದು ಬಣ್ಣ ಬಲಗಡೆ ಇನ್ನೊಂದು ಬಣ್ಣ ಕಾಣುತ್ತೆ. ಬಟ್ಟೆ ಉಳಿಸೋಕೆ ಅಂತ ತಿರುಗಿಸಿ ಮುರುಗಿಸಿ ಕತ್ತರಿಸಿದ್ರೋ ಮುಗೀತು. ಮೇಲ್ಗಡೆಯಿಂದ ಇಸ್ತ್ರಿ ಹಾಕ್ಬೇಡಿ, ಕೂದಲು ಮಲಗಿಬಿಡುತ್ತೆ, ಮತ್ತೆ ಏಳಲ್ಲ. ಕಾಟನ್ ಏನೇ ತಂದ್ರೂ ಮೊದ್ಲು ರಾತ್ರಿ ನೆನೆಹಾಕಿ ಒಣಗಿಸಿ ಆಮೇಲೆ ಕತ್ತರಿಸಿ, ಇದು ಬ್ಲೌಸ್ ಲೈನಿಂಗ್‌ಗೂ ಗೊತ್ತಿರೋ ವಿಷ್ಯಾನೇ.

ಅಳತೆ ತಗೊಳೋವಾಗ ಎದೆ, ಸೊಂಟ, ಸೀಟು, ಶೋಲ್ಡರ್, ತೋಳು ಅಂತ ಅಂಗಿಗೆ ತಗೊಳೋ ಥರ ಅಷ್ಟಕ್ಕೇ ನಿಲ್ಲಿಸ್ಬೇಡಿ. ತಲೆ ಸುತ್ತಳತೆ ತಗೊಳ್ಳಿ, ಕಿರೀಟಕ್ಕೆ. ಕುತ್ತಿಗೆ ಹಿಂದಿನ ಗಂಟಿಂದ ಸೊಂಟ, ಸೊಂಟದಿಂದ ನೆಲ, ತೊಡೆ, ಮೀನಖಂಡ, ಮಣಿಕಟ್ಟು, ರಟ್ಟೆ. ರಟ್ಟೆಯನ್ನ ಕೈ ಮಡಚಿಸಿ ಬಿಗಿ ಮಾಡಿಸಿ ಇನ್ನೊಂದ್ಸಲ ತಗೊಳ್ಳಿ, ತೋಳ್ಬಂದಿ ಅಲ್ಲೇ ಬರೋದು. ಆಮೇಲೆ ಭುಜದಿಂದ ಶುರು ಮಾಡಿ ಕಾಲ ಮಧ್ಯ ಹಾಯ್ದು ಹಿಂದಿಂದ ಅದೇ ಭುಜಕ್ಕೆ ಬರೋ ಅಳತೆ ಒಂದಿದೆ, ಗಂಡಸ್ರ ಹತ್ರ ನಾನು ಅವ್ರ ಕೈಗೇ ಟೇಪ್ ಕೊಟ್ಟು ತಗೊಳ್ಳಿ ಅಂತೀನಿ. ಅದಿಲ್ದೆ ಕಚ್ಚೆ ಹೊಲಿದ್ರೆ ಕೂತಾಗ ಸಿಕ್ಕಾಕೊಳುತ್ತೆ. ಕೊನೆಗೆ ಎರಡೂ ಕೈ ಮೇಲಕ್ಕೆ ಎತ್ತಿಸಿ, ಒಂದ್ಸಲ ಮಂಡಿ ಊರಿಸಿ, ಒಂದ್ಸಲ ಬಗ್ಗಿಸಿ ನೋಡಿ.

ಕೈ ಎತ್ತಿಸಿ ನೋಡಿ ಅಂತ ಯಾಕೆ ಇಷ್ಟು ಹೇಳ್ತೀನಿ ಅಂದ್ರೆ ನನ್ನ ಮೊದಲ ಹೊಸ ಡ್ರೆಸ್ಸು ಭೀಮಂದು. ಮೇಷ್ಟ್ರು ನಂಬಿ ಕೊಟ್ಟಿದ್ರು. ಬ್ಲೌಸ್ ಹೊಲಿದ ಕೈ ಅಲ್ವಾ, ಕಂಕುಳು ಒಳ್ಳೆ ಬಿಗಿಯಾಗಿ ಕೂರಿಸಿದ್ದೆ, ಟ್ರಯಲ್‌ನಲ್ಲಿ ಆ ಮನುಷ್ಯ ಕೈ ಕೆಳಗೆ ಬಿಟ್ಕೊಂಡು ಕನ್ನಡಿ ಮುಂದೆ ನಿಂತಾಗ ಎಷ್ಟು ಚೆನ್ನಾಗಿತ್ತು ಅಂದ್ರೆ ನಾನೇ ಫೋಟೋ ತೆಗೆದೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಗದಾಯುದ್ಧ. ಭೀಮ ಗದೆ ಎತ್ತಿದ, ಪರ್ ಅಂತ ಮೈಕಿಗೇ ಕೇಳಿಸೋ ಹಂಗೆ ಕಂಕುಳಿಂದ ಸೊಂಟದ ತನಕ ಬಿಟ್ಕೊಂತು, ಒಳಗಿಂದ ಬಿಳೀ ಬನಿಯನ್. ಅವನೂ ಗಟ್ಟಿ ಆಳು, ಒಂದು ಕೈಲಿ ಅಂಗಿ ಅದುಮಿ ಹಿಡ್ಕೊಂಡು ಇನ್ನೊಂದು ಕೈಲೇ ಯುದ್ಧ ಮುಗಿಸಿದ. ಕೆಳಗೆ ಕೂತಿದ್ದೋನೊಬ್ಬ "ಭೀಮಂಗೆ ದುರ್ಯೋಧನ ಅಲ್ಲ ಕಣ್ಲಾ, ಟೈಲ್ರು ಒಡ್ದವ್ನೆ" ಅಂದ. ನಾನು ಸೈಡಲ್ಲಿ ಪರದೆ ಹಿಂದೆ ನಿಂತಿದ್ದೆ.

ಆವತ್ತಿಂದ ಕಂಕುಳಿಗೆ ನಾಲ್ಕು ಇಂಚಿನ ಚೌಕದ ತುಂಡು, ವಜ್ರದ ಥರ ಓರೆಯಾಗಿ ನಿಲ್ಲಿಸಿ ಕೂರಿಸ್ತೀನಿ, ಕೈ ಮೇಲೆ ಹೋದಾಗ ಅದು ಬಿಚ್ಕೊಳುತ್ತೆ, ಕೆಳಗೆ ಬಂದಾಗ ಮಡಚ್ಕೊಳುತ್ತೆ. ಅದೇ ತುಂಡನ್ನ ಮಖಮಲ್ ಬದಲು ಅದೇ ಬಣ್ಣದ ಸ್ವಲ್ಪ ಎಳೆಯೋ ಹೊಸೈರಿ ಬಟ್ಟೇಲಿ ಹಾಕಿದ್ರೆ ಇನ್ನೂ ಚೆನ್ನ, ಗಾಳಿನೂ ಆಡುತ್ತೆ. ಪಕ್ಕದಲ್ಲಿ ಎರಡು ಇಂಚು ಬಟ್ಟೆ ಬಿಡೋದು, ಬೆನ್ನಿಗೆ ಲಾಡಿ, ಪ್ಯಾಂಟಿಗೆ ಕಚ್ಚೆಗೆ ಅಗಲ ಎಲಾಸ್ಟಿಕ್ ಪ್ಲಸ್ ಲಾಡಿ ಎರಡೂ. ಬರೀ ಎಲಾಸ್ಟಿಕ್ ನಂಬಿದ ಶಕುನಿಯ ಕಥೆ ಬೇರೆ ಇದೆ, ಹೆಂಗಸ್ರು ಮಕ್ಕಳು ಓದ್ತಿರ್ತಾರೆ, ಬೇಡ ಬಿಡಿ.

ದುಬಾರಿ ಬಟ್ಟೆ ಕತ್ತರಿಸೋ ಮುಂಚೆ ಕೋರಾ ಬಟ್ಟೇಲಿ ಒಂದು ಟ್ರಯಲ್ ಹೊಲೀರಿ. ಟೈಮ್ ವೇಸ್ಟ್ ಅನ್ಸುತ್ತೆ, ಆದ್ರೆ ಆ ಕೋರಾ ಅಂಗಿನೇ ಬಿಚ್ಚಿಟ್ಕೊಂಡ್ರೆ ಮುಂದಿನ ಸಲಕ್ಕೆ ಪ್ಯಾಟರ್ನ್ ಆಗುತ್ತೆ. ನನ್ನ ಹತ್ರ ಈಗ 36, 40, 44 ಅಂತ ಎದೆ ಸೈಜ್ ಮೂರಕ್ಕೆ ರಟ್ಟಲ್ಲಿ ಕತ್ತರಿಸಿಟ್ಟ ಪ್ಯಾಟರ್ನ್ ಇದೆ, ಗೋಡೆಗೆ ಮೊಳೆ ಹೊಡೆದು ನೇತಾಕಿದೀನಿ, ಅದ್ರಲ್ಲೇ ಮುಕ್ಕಾಲು ಕೆಲಸ ನಡೆಯುತ್ತೆ.

ಕಿರೀಟದ ಬಗ್ಗೆ ಎಲ್ರೂ ಕೇಳ್ತಾರೆ. ಹಳೇ ಕಾಲದಲ್ಲಿ, ನಮ್ಮ ಬಯಲುಸೀಮೆ ಯಕ್ಷಗಾನ ಮೂಡಲಪಾಯದ ವೇಷದಲ್ಲಿ, ಹಗುರ ಮರದಲ್ಲಿ ಕಿರೀಟ ಭುಜಕೀರ್ತಿ ಎದೆಹಾರ ಕೆತ್ತಿ ಅದ್ರ ಮೇಲೆ ಬೇಗಡೆ (ಮಿನುಗೋ ತೆಳು ಹಾಳೆ), ಕನ್ನಡಿ ಚೂರು ಅಂಟಿಸ್ತಿದ್ರು. ಎಲ್ಲಾದ್ರೂ ಹಳೇ ಮೇಳದೋರ ಹತ್ರ ನೋಡೋಕೆ ಸಿಕ್ರೆ ಬಿಡ್ಬೇಡಿ, ಕೈಲಿ ಎತ್ತಿ ನೋಡಿ, ಕನ್ನಡಿ ಎಲ್ಲೆಲ್ಲಿ ಇಟ್ಟಿದಾರೆ ನೋಡಿ. ದೀಪ ಪಂಜಿನ ಬೆಳಕಲ್ಲಿ ತಲೆ ಅಲ್ಲಾಡಿದಾಗ ಮಿಂಚಲಿ ಅಂತ ಲೆಕ್ಕ ಹಾಕಿ ಇಟ್ಟಿರೋದು ಅದು, ಸುಮ್ನೆ ಅಂದಕ್ಕೆ ಅಲ್ಲ. ಈಗ ನಾವು ಮಾಡೋದು ಫೋಮ್ ಶೀಟಲ್ಲಿ. ಐದು ಎಂಎಂ ಇಲ್ಲಾ ಆರು ಎಂಎಂ ಶೀಟು ತಗೊಂಡು, ತಲೆ ಸುತ್ತಳತೆಗಿಂತ ಒಂದೂವರೆ ಇಂಚು ಜಾಸ್ತಿ ಇಟ್ಟು ಪಟ್ಟಿ ಕತ್ತರಿಸಿ, ಒಳಗೆ ಸ್ಪಾಂಜು ಹಾಕಿ ಕಾಟನ್ ಬಟ್ಟೆ ಮುಚ್ಬೇಕು, ಆ ಒಂದೂವರೆ ಇಂಚನ್ನ ಸ್ಪಾಂಜು ತಿಂದ್ಕೊಳುತ್ತೆ. ಹಿಂದೆ ಪೂರ್ತಿ ಮುಚ್ಬೇಡಿ, ಎರಡು ಇಂಚು ಬಿಟ್ಟು ಲಾಡಿ ಕೊಡಿ, 21 ಇಂಚಿನ ತಲೆಗೂ 23 ಇಂಚಿನ ತಲೆಗೂ ಅದೇ ಕಿರೀಟ ನಡೆಯುತ್ತೆ. ಮೇಲಿನ ಗೋಪುರದ ಭಾಗ ಎಷ್ಟು ಎತ್ತರ ಬೇಕಾದ್ರೂ ಮಾಡಿ, ಆದ್ರೆ ತೂಕ ಕೆಳಗಿರ್ಬೇಕು. ಮೇಲೆ ದೊಡ್ಡ ದೊಡ್ಡ ಕಲ್ಲು ಅಂಟಿಸಿದ್ರೆ ಕಂದಪದ್ಯ ಹಾಡ್ತಾ ತಲೆ ಎತ್ತಿದಾಗ ಕಿರೀಟ ಹಿಂದಕ್ಕೆ ಜಾರುತ್ತೆ, ಆ ಮನುಷ್ಯ ರಾಗ ಬಿಟ್ಟು ಕಿರೀಟ ಹಿಡ್ಕೊಂತಾನೆ. ಫೋಮಿನ ಮೇಲೆ ನೇರವಾಗಿ ಗೋಲ್ಡ್ ಪೇಂಟ್ ಹೊಡೆದ್ರೆ ಕುಡಿದು ಬಿಡುತ್ತೆ, ಮೊದ್ಲು ಫೆವಿಕಾಲ್‌ಗೆ ಸ್ವಲ್ಪ ನೀರು ಕಲಸಿ ಎರಡು ಮೂರು ಕೋಟ್ ಹೊಡೆದು ಒಣಗಿಸಿ, ಆಮೇಲೆ ಪೇಂಟ್.

ಬಣ್ಣ ಆರಿಸೋವಾಗ ಅಂಗಡಿ ಟ್ಯೂಬ್‌ಲೈಟ್ ನಂಬ್ಬೇಡಿ. ಈಗ ಎಲ್ಲಾ ಸ್ಟೇಜಲ್ಲೂ ಎಲ್ಇಡಿ ಪಾರ್ ಲೈಟು, ಆಪರೇಟರ್ ಹುಡುಗ ಮನಸ್ಸಿಗೆ ಬಂದಂಗೆ ನೀಲಿ ಹಸಿರು ತಿರುಗಿಸ್ತಾನೆ. ಕೆಂಪು ಬಟ್ಟೆ ಮೇಲೆ ನೀಲಿ ಲೈಟ್ ಬಿದ್ರೆ ಕಪ್ಪಾಗಿ ಕಾಣುತ್ತೆ, ಅಷ್ಟು ಕಷ್ಟಪಟ್ಟು ಹೊಲಿದ ಮೆರೂನ್ ಅಂಗಿ ಕಂಬಳಿ ಥರ. ಮೊಬೈಲ್ ಟಾರ್ಚಿಗೆ ಬಣ್ಣದ ಜಿಲೆಟಿನ್ ಪೇಪರ್ ಹಿಡಿದು ಬಟ್ಟೆ ಅಂಗಡೀಲೇ ನೋಡಿ, ಅಂಗಡಿಯೋರು ವಿಚಿತ್ರವಾಗಿ ನೋಡ್ತಾರೆ, ನೋಡ್ಲಿ. ಇನ್ನೊಂದು, ಮೂವತ್ತು ನಲವತ್ತು ಅಡಿ ದೂರದಿಂದ ಸಣ್ಣ ಕಸೂತಿ ಏನೂ ಕಾಣಲ್ಲ. ಅಂಗೈ ಅಗಲದ ಬುಟ್ಟ, ಮೂರು ಇಂಚಿನ ಅಂಚು, ಇವೇ ಕಾಣೋದು. ಹಳೇ ರೇಷ್ಮೆ ಸೀರೆ ಅಂಚು ಬಿಚ್ಚಿ ಬಳಸಿದ್ರೆ ಹೊಸ ಲೇಸಿಗಿಂತ ಚೆಂದ, ನಮ್ಮ ಪಾವಗಡ ಕಡೆ ವೈಎನ್ ಹೊಸಕೋಟೇಲಿ ನೇಯ್ದ ಸೀರೆ ಅಂಚು ಒಂದು ನನ್ನ ಕರ್ಣನ ಎದೆ ಮೇಲೆ ಎಷ್ಟೋ ಆಟ ಆಡಿದೆ. ಸಾಮಾನಿಗೆ ಮೊದ್ಲು ನಮ್ಮ ಮಂಡಿಪೇಟೆ ಚಿಕ್ಕಪೇಟೆ ಸುತ್ತಿ, ಸಿಗದೇ ಇದ್ರೆ ಬೆಳಿಗ್ಗೆ ಟ್ರೈನಿಗೆ ಬೆಂಗಳೂರು, ಬಳೇಪೇಟೆ ನಗರ್ತಪೇಟೆ ಎರಡರಲ್ಲೇ ಮುಗಿಯುತ್ತೆ.

ದ್ರೌಪದಿ ವಸ್ತ್ರಾಪಹರಣ ಒಂದು ಹೇಳ್ಬಿಡ್ತೀನಿ, ಇದು ಚೆನ್ನಾಗಿ ಬಂದ್ರೆ ನಿಮ್ಮ ಹೆಸರು ಮೂರು ಹೋಬಳಿಗೆ ಹೋಗುತ್ತೆ, ಕೆಟ್ರೂ ಹೋಗುತ್ತೆ. ಮೊದಲನೇದು, ಪಾತ್ರ ಮಾಡೋ ಹೆಣ್ಮಗಳ ಮರ್ಯಾದೆ ನಮ್ಮ ಪಿನ್ನಿನ ಮೇಲೆ ನಿಂತಿರುತ್ತೆ, ಅದಕ್ಕೆ ಒಳಗೆ ಒಂದು ಸೀರೆ ಪೂರ್ತಿ ಉಟ್ಟು, ಸೊಂಟಕ್ಕೆ ಸುತ್ತಲೂ ಹೊಲಿಗೆನೇ ಹಾಕಿ, ಭುಜಕ್ಕೆ ಎರಡು ಪಿನ್ನು ಹಾಕಿ, ಅದು ಜಪ್ಪಯ್ಯ ಅಂದ್ರೂ ಬರ್ಬಾರ್ದು. ಅದ್ರ ಮೇಲೆ ಎಳೆಯೋ ಸೀರೆ. ಒಂದು ಸೀರೆ ಐದೂವರೆ ಮೀಟರ್ ಅಂದ್ರೆ ಆರು ಸೀರೆ ಜೋಡಿಸಿದ್ರೆ ಮೂವತ್ಮೂರು ಮೀಟರು, ಅಷ್ಟನ್ನೂ ಮೈಗೆ ಸುತ್ತಿದ್ರೆ ದ್ರೌಪದಿ ಹತ್ತಿ ಮೂಟೆ ಥರ ಬರ್ತಾಳೆ, ಜನ ಮೊದಲೇ ಕಂಡುಹಿಡೀತಾರೆ. ಅದಕ್ಕೆ ಮೈ ಮೇಲೆ ಒಂದೂವರೆ ಸೀರೆ ಅಷ್ಟೇ, ಮಿಕ್ಕಿದ್ದು ಹಿಂದಿನ ಪರದೆಯ ಸೀಳಲ್ಲಿ ಒಬ್ಬ ಹುಡುಗ ಇಟ್ಕೊಂಡು ಬಿಡ್ತಾ ಹೋಗ್ಬೇಕು, ದ್ರೌಪದಿ ಆ ಸೀಳಿಗೆ ಬೆನ್ನು ಕೊಟ್ಟು ಕೈ ಎತ್ತಿ ತಿರುಗ್ತಾ ಇರ್ತಾಳೆ. ಸೀರೆ ಎಲ್ಲಾ ತೆಳು ಜಾರ್ಜೆಟ್ ಆಗಿರ್ಲಿ, ಬಣ್ಣ ಒಂದಾದ್ಮೇಲೆ ಒಂದು ಬೇರೆ ಬೇರೆ, ಜೋಡಿಸಿರೋ ಕಡೆ ಗಂಟು ಹಾಕ್ಬೇಡಿ, ಚಪ್ಪಟೆ ಹೊಲಿಗೆ ಹಾಕಿ, ಗಂಟು ಸೀಳಲ್ಲಿ ಸಿಕ್ಕಾಕೊಳುತ್ತೆ. ಬುಟ್ಟಿಗೆ ಸುರುಳಿ ಸುತ್ತಿ ಇಡ್ಬೇಡಿ, ಬೀಸಣಿಗೆ ಥರ ಹಿಂದೆ ಮುಂದೆ ಮಡಚಿ ಇಡಿ, ಆಗ ಸಲೀಸಾಗಿ ಬರುತ್ತೆ. ದುಶ್ಯಾಸನ ಮಾಡೋನಿಗೆ ಮಾತ್ರ ಮೊದಲೇ ಹೇಳಿ, ಆವೇಶ ಬಂದು ಜಗ್ಗಬೇಡಪ್ಪಾ, ಕೈ ಮೇಲೆ ಕೈ ಹಾಕಿ ಎಳಿ ಅಂತ, ಕೊನೇ ರಿಹರ್ಸಲಲ್ಲಿ ಎರಡು ಸಲ ಆದ್ರೂ ನಿಜವಾದ ಸೀರೇಲೇ ಮಾಡಿಸಿ.

ಹವ್ಯಾಸಿ ತಂಡದೋರ ಹೊಸ ನಾಟಕ ಬೇರೆ ಪ್ರಪಂಚ. ಅಲ್ಲಿ ಡೈರೆಕ್ಟರು ಕೂರಿಸ್ಕೊಂಡು ಕಲರ್ ಸ್ಕೀಮ್ ಮಾತಾಡ್ತಾರೆ, ಚಮಕಿ ಕಂಡ್ರೆ ಮುಖ ಸಿಂಡರಿಸ್ತಾರೆ. ಮೊದ್ಲು ಸ್ಕ್ರಿಪ್ಟ್ ಇಸ್ಕೊಂಡು ಓದಿ, ಒಂದು ದೊಡ್ಡ ಹಾಳೇಲಿ ಅಡ್ಡಕ್ಕೆ ಸೀನ್ ನಂಬರು, ಉದ್ದಕ್ಕೆ ಪಾತ್ರ, ಯಾರು ಯಾವ ಸೀನಲ್ಲಿ ಏನು ಹಾಕಿರ್ತಾರೆ ಅಂತ ತುಂಬಿ. ಹರಿಶ್ಚಂದ್ರನೇ ತಗೊಳ್ಳಿ, ರಾಜನ ಡ್ರೆಸ್ಸು, ರಾಜ್ಯ ಬಿಟ್ಟ ಮೇಲಿಂದು, ಸುಡುಗಾಡು ಕಾಯೋವಾಗಿಂದು, ಮೂರು. ನಡುವೆ ಬದಲಾಯಿಸೋಕೆ ಎಷ್ಟು ನಿಮಿಷ ಸಿಗುತ್ತೆ ಅಂತ ಆ ಹಾಳೆನೇ ಹೇಳುತ್ತೆ. ಎರಡು ನಿಮಿಷಕ್ಕಿಂತ ಕಮ್ಮಿ ಇದ್ರೆ ಒಳಗಿನ ಡ್ರೆಸ್ ಮೊದಲೇ ಹಾಕಿಸಿ, ಮೇಲಿನದು ಬೆನ್ನಿಂದ ಪೂರ್ತಿ ಬಿಚ್ಕೊಳೋ ಥರ ಮಾಡಿ. ವೆಲ್ಕ್ರೋ ಸುಲಭ ಅನ್ಸುತ್ತೆ, ಆದ್ರೆ ಮಗ ಸತ್ತ ದುಃಖದ ಸೀನ್ ನಡೀತಿರೋವಾಗ ಸೈಡಿಂದ ಪರ ಪರ ಅಂತ ಸೌಂಡ್ ಬರುತ್ತೆ, ದೊಡ್ಡ ಪ್ರೆಸ್ ಬಟನ್ನೇ ವಾಸಿ.

ಬಟ್ಟೆ ಹಳೇದು ಮಾಡೋದು ಒಂದು ಕಲೆ, ನಂಗೆ ಇದೇ ಎಲ್ಲಕ್ಕಿಂತ ಇಷ್ಟ. ಕೂಲಿ ಆಳಿನ ಪಾತ್ರಕ್ಕೆ ಹೊಸ ಬಿಳೀ ಅಂಗಿ ಹಾಕಿಸಿದ್ರೆ ಜನ ಒಂದು ಮಾತೂ ನಂಬಲ್ಲ. ಕಾಟನ್ ಬಟ್ಟೇನ ಟೀ ಸೊಪ್ಪು ಕುದಿಸಿದ ನೀರಲ್ಲಿ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿ, ಪಾಲಿಯೆಸ್ಟರ್‌ಗೆ ಇದು ಹತ್ತಲ್ಲ, ಅದಕ್ಕೇ ಇಂಥ ಪಾತ್ರಕ್ಕೆ ಕಾಟನ್ನೇ ತನ್ನಿ. ಮೊಣಕೈ, ಮಂಡಿ, ಕಾಲರ್ ಮಡಿಕೆ, ಜೇಬಿನ ಅಂಚು, ಇಷ್ಟಕ್ಕೆ ಮರಳು ಕಾಗದ ಉಜ್ಜಿ. ಜೇಬಲ್ಲಿ ನಾಲ್ಕು ಕಲ್ಲು ಹಾಕಿ ಒದ್ದೆ ಇರೋವಾಗ್ಲೇ ನೇತಾಕಿದ್ರೆ ಬೆಳಿಗ್ಗೆಗೆ ಹತ್ತು ವರ್ಷ ಬೀಡಿ ಕಟ್ಟು ಇಟ್ಟ ಜೇಬಿನ ಥರ ಜೋತು ಬಿದ್ದಿರುತ್ತೆ. ಎಲ್ಲಾ ಕಡೆ ಸಮವಾಗಿ ಉಜ್ಬೇಡಿ, ಬಲಗೈ ಆಳಿಗೆ ಬಲಗಡೆನೇ ಜಾಸ್ತಿ ಸವೆದಿರುತ್ತೆ. ಕುರುಬರ ಪಾತ್ರಕ್ಕೆ ಶಿರಾ, ಚಿಕ್ಕನಾಯಕನಹಳ್ಳಿ ಕಡೆ ನಿಜವಾದ ಕರಿ ಕಂಬಳಿ ಕೇಳಿ ತನ್ನಿ, ಅದು ಮೈ ಮೇಲೆ ಬೀಳೋ ರೀತಿ ಇನ್ಯಾವ ಬಟ್ಟೆಗೂ ಬರಲ್ಲ.

ಈ ಕೆಲಸದಲ್ಲಿ ಓದು ಬೇಕಾ ಅಂದ್ರೆ, ಬೇಕು ಅನ್ನೋದೂ ನಿಜ ಇಲ್ದೇನೂ ನಡೆಯುತ್ತೆ ಅನ್ನೋದೂ ನಿಜ. ಹೊಲಿಗೆ ಶಿಸ್ತಿಗೆ ಐಟಿಐ ಸೂಯಿಂಗ್ ಟೆಕ್ನಾಲಜಿ ಒಂದು ವರ್ಷ ಸಾಕು. ನಾಟಕ ಅಂದ್ರೇನು ಅಂತ ಗೊತ್ತಾಗ್ಬೇಕು ಅಂದ್ರೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ, 1980ರಲ್ಲಿ ಕೆ.ವಿ. ಸುಬ್ಬಣ್ಣನೋರು ಶುರು ಮಾಡಿದ್ದು, ಅಲ್ಲಿ ನಟನೆ ಕಲಿಯೋರೂ ಸೂಜಿ ಹಿಡೀಬೇಕು ಪರದೆ ಕಟ್ಬೇಕು, ಅದೇ ಅದ್ರ ಲಾಭ. ಮೈಸೂರಿನ ರಂಗಾಯಣದಲ್ಲೂ ಕೋರ್ಸ್ ಇದೆ. ಇನ್ನೂ ಮುಂದೆ ಹೋಗೋರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಅಂದ್ರೆ ಎನ್ಎಸ್‌ಡಿ, ಮೂರು ವರ್ಷ, ಡಿಗ್ರಿ ಆಗಿರ್ಬೇಕು, ನಾಟಕದಲ್ಲಿ ಕೆಲಸ ಮಾಡಿರೋ ಅನುಭವನೂ ತೋರಿಸ್ಬೇಕು, ಡಿಸೈನ್ ಅಂತಲೇ ಅಲ್ಲಿ ಒಂದು ವಿಭಾಗ ಇದೆ. ನಮ್ಮ ಪ್ರೇಮಾ ಕಾರಂತರು ಎನ್ಎಸ್‌ಡಿಯಲ್ಲಿ ಕಲಿತು ಬಂದೋರು, ಕನ್ನಡ ನಾಟಕದ ವಸ್ತ್ರವಿನ್ಯಾಸ ಅಂದ್ರೆ ಮೊದಲು ಬರೋ ಹೆಸರು ಅವರದ್ದು. ವೈಶಾಲಿ ಕಾಸರವಳ್ಳಿ ಅವ್ರಿಗೆ ತಾಯಿ ಸಾಹೇಬ ಸಿನಿಮಾದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಅವರೂ ರಂಗಭೂಮಿಯಿಂದ ಹೋದೋರೇ. ಆ ಸಿನಿಮಾ ಸಿಕ್ರೆ ಕಥೆ ಬಿಟ್ಟು ಬರೀ ಸೀರೆ, ಸೆರಗು, ಕೋಟು ನೋಡಿ ಒಂದ್ಸಲ, ಯಾರೂ ಡ್ರೆಸ್ ಹಾಕ್ಕೊಂಡಿದಾರೆ ಅಂತ ಅನ್ಸೋದೇ ಇಲ್ಲ. ಫೀಸ್ ಕಟ್ಟಿ ಮೂರು ತಿಂಗ್ಳ ಫ್ಯಾಷನ್ ಡಿಸೈನಿಂಗ್ ಸರ್ಟಿಫಿಕೇಟ್ ಕೊಡೋ ಕಡೆಗೆಲ್ಲಾ ದುಡ್ಡು ಸುರೀಬೇಡಿ, ಒಂದು ಕಡೆ ಸುರಿದು ಬರೀ ಪೆನ್ಸಿಲ್ ಶೇಡಿಂಗ್ ಕಲಿತು ಬಂದ ಅನುಭವದಲ್ಲಿ ಹೇಳ್ತಿದೀನಿ.

ಬಂಡವಾಳಕ್ಕೆ, ಟೈಲರ್ ಕೆಲಸ ಪಿಎಂ ವಿಶ್ವಕರ್ಮ ಯೋಜನೇಲಿ ಬರುತ್ತೆ, 2023ರಲ್ಲಿ ಶುರುವಾಗಿದ್ದು. ತರಬೇತಿ ಟೈಮಲ್ಲಿ ದಿನಕ್ಕೆ 500 ರೂಪಾಯಿ, ಸಾಮಾನಿಗೆ 15,000 ರೂಪಾಯಿ, ಮೊದಲ ಕಂತಲ್ಲಿ 5 ಪರ್ಸೆಂಟ್ ಬಡ್ಡಿಗೆ 1 ಲಕ್ಷದ ತನಕ ಸಾಲ. ಗಂಡ, ಹೆಂಡ್ತಿ, ಮದ್ವೆ ಆಗದ ಮಕ್ಕಳು ಸೇರಿ ಒಂದು ಕುಟುಂಬ, ಅದಕ್ಕೆ ಒಬ್ಬರಿಗೇ ಕೊಡೋದು, ಗಂಡ ಹೆಂಡ್ತಿ ಇಬ್ರೂ ಅರ್ಜಿ ಹಾಕಿ ಕೂರ್ಬೇಡಿ.

ರೇಟು. ಇಲ್ಲೇ ಎಲ್ರೂ ಏಟು ತಿನ್ನೋದು. ಮೀಟರ್ ಲೆಕ್ಕದಲ್ಲಿ ಬಟ್ಟೆ ದುಡ್ಡು, ಅದ್ರ ಮೇಲೆ ಬ್ಲೌಸ್ ಥರ ಒಂದು ಕೂಲಿ ಸೇರಿಸಿ ಹೇಳಿಬಿಡ್ತಾರೆ, ಕೊನೆಗೆ ಕೈಗೆ ಏನೂ ಉಳಿಯಲ್ಲ. ಗಂಟೆ ಲೆಕ್ಕ ಹಾಕಿ. ಉದಾಹರಣೆಗೆ ಒಂದು ಅಂಗಿ, ಶಾಲು, ಕಚ್ಚೆ ಸೆಟ್ಟಿಗೆ ಹೊಲಿಗೆ 14 ಗಂಟೆ, ಚಮಕಿ ಲೇಸು ಕೈಕೆಲಸ 12 ಗಂಟೆ, ಟ್ರಯಲ್ಲು ಆಲ್ಟರೇಷನ್ನು 3 ಗಂಟೆ, ಬೆಂಗಳೂರಿಗೆ ಹೋಗಿ ಸಾಮಾನು ತರೋಕೆ ಒಂದು ದಿನ ಅಂತ ಇಟ್ಕೊಳ್ಳಿ. ಗಂಟೆಗೆ 80 ರೂಪಾಯಿ ಅಂತ ಹಿಡಿದ್ರೂ ಬರೀ 29 ಗಂಟೆಗೆ 2,320 ಆಯ್ತು, ಓಡಾಟ ಬೇರೆ, ಬಟ್ಟೆ ಬೇರೆ. ಪಾರ್ಟಿ ಮುಂದೆ ಈ ಚೀಟಿ ಇಡಿ, ಚೌಕಾಸಿ ಮಾಡ್ತಾರೆ, ಆಗ ರೇಟ್ ಇಳಿಸ್ಬೇಡಿ, ಚಮಕಿ ಇಳಿಸಿ. ಅರ್ಧ ಅಡ್ವಾನ್ಸ್ ಇಲ್ದೆ ಕತ್ತರಿ ಹಾಕ್ಬೇಡಿ, ಮಿಕ್ಕ ದುಡ್ಡು ಮೇಕಪ್ ಶುರುವಾಗೋ ಮುಂಚೆ ಕೈಗೆ ಬರ್ಬೇಕು, ನಾಟಕ ಮುಗಿದ ಬೆಳಿಗ್ಗೆ ಯಾರ ಫೋನೂ ರಿಂಗ್ ಆಗಲ್ಲ. ಒಂದು ತಂಡದೋರು ಮಂಗಳಾರತಿ ಆದ್ಮೇಲೆ ಕೊಡ್ತೀವಿ ಅಂದಿದ್ರು, ಎರಡು ಯುಗಾದಿ ಕಳೀತು.

ಹೊಲಿದು ಮಾರೋದಕ್ಕಿಂತ ಹೊಲಿದು ಬಾಡಿಗೆಗೆ ಕೊಡೋದ್ರಲ್ಲಿ ಜೀವನ ಇದೆ ಅನ್ನೋದು ನನ್ನ ಅಭಿಪ್ರಾಯ. ಒಂದೊಂದೇ ಸೇರಿಸಿ, ಮೊದ್ಲು ಯಾವಾಗ್ಲೂ ಬೇಕಾಗೋ ಕೃಷ್ಣ, ನಾರದ, ಸೈನಿಕರು. ಜನವರಿಯಿಂದ ಮೇ ತನಕ ಜಾತ್ರೆ, ಗಣೇಶನ ಹಬ್ಬದಿಂದ ರಾಜ್ಯೋತ್ಸವದ ತನಕ ಆರ್ಕೆಸ್ಟ್ರಾ ನಾಟಕ, ಡಿಸೆಂಬರ್ ಜನವರಿಲಿ ಸ್ಕೂಲ್ ಡೇ. ಸ್ಕೂಲ್ ಡೇನ ಚಿಕ್ಕದು ಅಂತ ಬಿಡ್ಬೇಡಿ, ಒಂದೇ ಸಲ ನಲವತ್ತು ಡ್ರೆಸ್ ಹೋಗುತ್ತೆ. ಆಷಾಢದಲ್ಲಿ ಕೆಲಸ ಇರಲ್ಲ, ಆಗ ರಿಪೇರಿ, ಆಗ್ಲೂ ಬ್ಲೌಸ್ ಮಷಿನ್ ನಿಲ್ಲಿಸ್ಬೇಡಿ, ಅಕ್ಕಿ ಬೇಳೆ ಅದ್ರಿಂದ.

ಬೆವರು ಈ ಕಸುಬಿನ ದೊಡ್ಡ ಶತ್ರು. ಜರಿ ಮಖಮಲ್ ನೀರಿಗೆ ಹಾಕೋ ಹಾಗಿಲ್ಲ. ಅದಕ್ಕೆ ಕಾಟನ್ ಬನಿಯನ್ ಇಲ್ದೆ ಡ್ರೆಸ್ ಕೊಡಲ್ಲ ಅಂತ ಕಡ್ಡಾಯ ಮಾಡಿ, ಕಂಕುಳಿಗೆ ಬಿಚ್ಚಿ ಒಗೆಯೋ ಥರ ಪ್ಯಾಡ್ ಹಾಕಿ. ವಾಪಸ್ ಬಂದ ತಕ್ಷಣ ಮೂಟೇಲಿ ಬಿಡ್ಬೇಡಿ, ಒಳಮೈ ಹೊರಗೆ ಮಾಡಿ ನೆರಳಲ್ಲಿ ಗಾಳಿಗೆ ನೇತಾಕಿ. ವಿದೇಶದ ನಾಟಕದೋರು ವಾಸನೆಗೆ ವೋಡ್ಕಾ ನೀರು ಬೆರೆಸಿ ಒಳಗೆ ಸ್ಪ್ರೇ ಮಾಡ್ತಾರಂತೆ, ಒಣಗಿದ ಮೇಲೆ ವಾಸನೆ ಇರಲ್ಲ. ನಮ್ಮ ತಂಡಗಳಲ್ಲಿ ಆ ಬಾಟ್ಲು ಡ್ರೆಸ್ ತನಕ ಬರೋದು ಡೌಟು, ಮೆಡಿಕಲ್ ಸ್ಟೋರಿನ ಸರ್ಜಿಕಲ್ ಸ್ಪಿರಿಟ್ಟೇ ಸ್ವಲ್ಪ ನೀರು ಹಾಕಿ ಬಳಸಿ, ಮೊದ್ಲು ಒಳಗಿನ ಮೂಲೇಲಿ ಬಣ್ಣ ಬಿಡುತ್ತಾ ನೋಡಿ, ಹತ್ರ ಬೀಡಿ ಸಿಗರೇಟು ಊದುಬತ್ತಿ ಇರ್ಬಾರ್ದು. ಮಳೆಗಾಲಕ್ಕೆ ಟ್ರಂಕಿನ ತಳಕ್ಕೆ ಒಣಗಿದ ಬೇವಿನ ಸೊಪ್ಪು, ಬಟ್ಟೇಲಿ ಕಟ್ಟಿದ ನುಸಿಗುಳಿಗೆ. ಗುಳಿಗೆ ಬರಿದೇ ಹಾಕಿದ್ರೆ ಜರಿ ಮೇಲೆ ಕಲೆ ಬೀಳುತ್ತೆ.

ಕೆಲಸ ತೋರಿಸೋಕೆ ಆಲ್ಬಂ ಮಾಡಿ, ಮೊಬೈಲಲ್ಲೇ ಆಗ್ಲಿ. ಪ್ರತಿ ಡ್ರೆಸ್ಸಿಗೂ ಮೂರು ಫೋಟೋ, ಹಾಕ್ಕೊಂಡು ನಿಂತಿರೋದು, ಸ್ಟೇಜ್ ಲೈಟಲ್ಲಿ ದೂರದಿಂದ, ಆಮೇಲೆ ಒಳಗೆ ತಿರುವಿದ್ದು. ಬೆಂಗಳೂರಿನ ತಂಡದೋರಿಗೆ, ಸೀರಿಯಲ್ ಸಿನಿಮಾದ ಕಾಸ್ಟ್ಯೂಮ್ ಡಿಪಾರ್ಟ್‌ಮೆಂಟಿನೋರಿಗೆ ಮೂರನೇ ಫೋಟೋ ತೋರಿಸಿದ್ರೆ ಮಾತೇ ಬೇಡ, ಕೆಲಸ ಗೊತ್ತಿರೋನು ಅದನ್ನೇ ಮೊದ್ಲು ಝೂಮ್ ಮಾಡೋದು.

ಮೊದಲ ನಾಟಕದ ರಾತ್ರಿ ಸೈಡಲ್ಲಿ ನೀವೇ ಇರ್ಬೇಕು, ಡ್ರೆಸ್ ಕೊಟ್ಟು ಮನೆಗೆ ಬರೋದಲ್ಲ. ಒಂದು ಚೀಲದಲ್ಲಿ ಕಪ್ಪು, ಬಿಳಿ, ಕೆಂಪು, ಗೋಲ್ಡ್ ದಾರ ಪೋಣಿಸಿಟ್ಟ ಎಂಟತ್ತು ಸೂಜಿ, ಕತ್ತಲಲ್ಲಿ ಪೋಣಿಸೋಕೆ ಆಗಲ್ಲ, ದೊಡ್ಡ ಚಿಕ್ಕ ಪಿನ್ನು ಎರಡು ಡಬ್ಬ, ಲಾಡಿ, ಎಲಾಸ್ಟಿಕ್, ಹುಕ್ಕು, ಫೆವಿಕ್ವಿಕ್, ಎರಡು ಎಕ್ಸ್‌ಟ್ರಾ ಬನಿಯನ್, ತಲೆಗೆ ಕಟ್ಟೋ ಟಾರ್ಚು, ಬ್ಯಾಂಡೇಜು, ಸೊಳ್ಳೆ ಬತ್ತಿ. ಯಾರಿಗೆ ಯಾವ ಡ್ರೆಸ್ ಹೋಯ್ತು ಅಂತ ಒಂದು ಬುಕ್ಕು, ಕಿರೀಟ ಗದೆ ಡಾಬು ಎಣಿಸಿ ಸೈನ್ ಹಾಕಿಸ್ಕೊಳ್ಳಿ. ಮೊದಲ ಗಂಟೆ ಪ್ರಾರ್ಥನೆ ಹೊತ್ತಿಗೆ ಎಲ್ರೂ ಲಾಡಿ ಬಿಗಿ ಕಟ್ಟಿ ಅಂತಾರೆ, ಒಂದು ಬೆರಳು ತೂರೋವಷ್ಟು ಸಡಿಲ ಬಿಟ್ಟೇ ಕಟ್ಟಿ, ರಾತ್ರಿ ಎರಡು ಗಂಟೆಗೆ ಚಿತ್ರಾನ್ನ ಬರುತ್ತೆ, ಅದಾದ್ಮೇಲೆ ಭೀಮನ ಹೊಟ್ಟೆ ಅಳತೆ ಬೇರೆ.